ಮುಂದಿನ ಕಲ್ಲಿನ ಪೇಪರಮಿಂಟು

ದೋಸ್ತರೇ, ಇಂದು ಬೆಳಿಗ್ಗೆ ಅಕ್ಕಲಕೋಟ ರಸ್ತೆಯಲ್ಲಿ ನನ್ನ ಮರ್ಯಾದೆ ಹೋಯಿತು. ಮುಂದಿನ ತಿಂಗಳ ಮ್ಯಾರಥಾನ್ ತಯಾರಿಗೆಂದು ನಾನೂ ಗೆಳೆಯ ಮಲ್ಲುವೂ ಸೋಲಾಪುರದಿಂದ ಓಡುತ್ತ ಹೊರಟಿದ್ದೆವು. ಹನ್ನೆರಡು ಕಿಲೋಮೀಟರು ಆದದ್ದೇ ತಡ, ಮಲ್ಲು ಒಂದು ಮೈಲುಗಲ್ಲಿನ ಮೇಲೆ ಕುಳಿತುಬಿಟ್ಟ.

"ಬಸ್ ಝಾಲಂ, ಸಾಕಾತು. ನನ್ನ ಕೈಲೆ ಆಗೂದಿಲ್ಲೋ. ನನ್ನ ಹೆಸರ ತಗಸಿಬಿಡು."

ದಿನಾ ವಾಟ್ಸಾಪಿನಲ್ಲಿ ಕಳಿಸುವ ಸ್ಫೂರ್ತಿಯ ಮಾತುಗಳನ್ನೆಲ್ಲ ಒದರಿದೆ. ಅವನು ಬೂಟಿನ ಲೇಸು ಬಿಚ್ಚತೊಡಗಿದ. ಸಿಟ್ಟು ಬಂದು ಅವನ ಅವ್ವನಿಗೇ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

ನಾವು ಶಾಲೆಯಲ್ಲಿದ್ದಾಗ ನಮ್ಮಿಬ್ಬರನ್ನೂ ಇದೇ ದಾರಿಯಲ್ಲಿ ಅಕ್ಕಲಕೋಟದ ದರ್ಶನಕ್ಕೆ ನಡೆಸಿಕೊಂಡು ಹೋಗುತ್ತಿದ್ದವರು ಈ ಅವ್ವನೇ, ನನ್ನ ಬಾಯಲ್ಲಿ ಕಾಕು, ಅಂದರೆ ಚಿಕ್ಕಮ್ಮ. ಅತ್ತರೆ ಎತ್ತಿಕೊಳ್ಳುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಸೆರಗಿನ ಗಂಟಿನಲ್ಲಿ ಪೇಪರಮಿಂಟು ಇರುತ್ತಿತ್ತು. ಒಂದು ಕಲ್ಲಿಗೆ ಒಂದು, ಅದೂ ಕಲ್ಲು ಮುಟ್ಟಿದ ಮೇಲೆ.

"ಕಾಕು, ಮಲ್ಲ್ಯಾ ಕಲ್ಲಿನ ಮ್ಯಾಲ ಕುಂತಾನ್ರಿ, ಏಳವಲ್ಲ," ಎಂದೆ.

ಅತ್ತ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ. "ಮುಂದಿನ ಕಲ್ಲಿಗೆ ಪೇಪರಮಿಂಟ ಐತಿ ಅಂತ ಹೇಳು ಅವಗ," ಎಂದವರೇ ಫೋನು ಇಟ್ಟರು.

ಮಲ್ಲು ನಕ್ಕ. ಲೇಸು ಕಟ್ಟಿಕೊಂಡ. ನನಗಿಂತ ಮುಂದೆ ಓಡಿದ.

ಮುಂದಿನ ಕಲ್ಲು ಬಂತು, ಇಬ್ಬರೂ ಮುಟ್ಟಿದೆವು. ಆಮೇಲೆ ನಲವತ್ತೆಂಟು ವರ್ಷದ ನಾವಿಬ್ಬರು ಗಂಡಸರು, ಬೆವರು ಒರೆಸಿಕೊಳ್ಳುವ ನೆಪದಲ್ಲಿ, ಕಲ್ಲಿನ ಹಿಂದೆ ಒಮ್ಮೆ ಬಗ್ಗಿ ನೋಡಿದೆವು.