ಸೌದಕ್ಕ ತಿಕ್ಕಿದ ತಟ್ಟೆ

ಸೌದಕ್ಕನ ಕೈಗೆ ಸಿಕ್ಕಿದ ಪಾತ್ರೆಗೆ ಉಳಿಗಾಲವಿಲ್ಲ ಎಂದು ನಾನೇ ಗೇಲಿ ಮಾಡುತ್ತಿದ್ದೆ. ಒಮಾನಿನ ಮತ್ರಾದ ಓಣಿಯಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಬಂಟ್ವಾಳದ ಬ್ಯಾರಿ ಮನೆಯಿಂದ ಮದುಮಗಳಾಗಿ ಬಂದವರು ಇವತ್ತಿಗೂ ಹುಣಸೆಹುಳಿ, ತೆಂಗಿನ ನಾರು ಬಿಟ್ಟು ಬೇರೇನನ್ನೂ ನಂಬಿದವರಲ್ಲ. "ಸೋಪಿನದ್ದೆಲ್ಲ ಬರೀ ನೊರೆ ಮಾರಾಯ್ತಿ" ಎನ್ನುತ್ತಿದ್ದರು.

ಅವರ ಗಂಡ ಕುಂಞಾಲಿ ಕಾಕನದು ಸೂಕ್ ಪೇಟೆಯಲ್ಲಿ ಹಳೆಯ ಸಾಮಾನಿನ ಅಂಗಡಿ. ಸೂರ್ ಪಟ್ಟಣದ ಆಮಿನಾ ಎಂಬ ಮುದುಕಿ, ಮನೆ ಕೆಡವಿ ಕಟ್ಟಿಸುವಾಗ, ತಾಯಿಯ ಮದುವೆಯ ತಟ್ಟೆಯನ್ನು ಅವರಲ್ಲಿ ನಂಬಿ ಇಟ್ಟುಹೋಗಿದ್ದರು. ಜಪಾನಿನವರು ಹಿಂದೆ ಹೊರದೇಶಗಳಿಗೆ ಮಾರಲೆಂದೇ ಮಾಡುತ್ತಿದ್ದ ದೊಡ್ಡ ಪಿಂಗಾಣಿ ತಟ್ಟೆ ಅದು. ನೀಲಿ ಬಳ್ಳಿ, ಕೆಂಪು ಹೂ, ಮೈತುಂಬ ಚಿನ್ನದ ಗೆರೆ. ಇಲ್ಲಿಯವರು ಅದನ್ನು ಮದುಮಗಳ ಕೋಣೆಯ ಗೋಡೆಗೂಡಿನಲ್ಲಿ ಇಡುವುದು, ಅದರಲ್ಲಿ ಯಾರೂ ಉಣ್ಣುವುದಿಲ್ಲ. ಈಗ ಮೊಮ್ಮಗಳ ಮದುವೆ, ತಂದುಕೊಡಿ ಎಂದು ಫೋನ್ ಬಂತು.

ಹೊಳೆಯುತ್ತ ಹೋಗಲಿ ಎಂದು ಸೌದಕ್ಕ ಅದನ್ನೂ ತಿಕ್ಕಿದರು. ಕಾಕ ತಟ್ಟೆಯನ್ನು ಮನೆಗೆ ತಂದಿಟ್ಟು ಅಂಗಡಿಗೆ ಹೋಗಿದ್ದರು. ನೀಲಿ ಬಣ್ಣ ಗಾಜಿನಂಥ ಲೇಪದ ಅಡಿಯಲ್ಲಿತ್ತು, ಉಳಿಯಿತು. ಚಿನ್ನ ಲೇಪದ ಮೇಲೆ ಬರೆದದ್ದು, ಹುಳಿನೀರಿನ ಜೊತೆ ಹೋಯಿತು.

"ಯಾ ಅಲ್ಲಾಹ್! ಉಮಾ, ಬಾ ಇಲ್ಲಿ!" ನಾನು ಓಡಿಹೋದರೆ ಅವರು ನಾರು ಹಿಡಿದುಕೊಂಡೇ ತಟ್ಟೆ ತೋರಿಸಿದರು.

"ಹಳೇದಲ್ವಾ, ತಾನಾಗಿ ಮಾಸಿತು ಅಂತ ಹೇಳುವ" ಎಂದರು ಸಂಜೆ ಮನೆಗೆ ಬಂದ ಕಾಕ. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವ ಮೊದಲೇ ಸೌದಕ್ಕ ಅಂದರು: "ನಂಬಿ ಇಟ್ಟ ಸೊತ್ತು, ಇವ್ರೇ. ಸುಳ್ಳು ಹೇಳಿ ನಾಳೆ ಅಲ್ಲಾಹನಿಗೆ ಏನು ಉತ್ತರ ಕೊಡುವುದು? ನಾನೇ ಬಂದು ಹೇಳ್ತೇನೆ." ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡರು.

ಸೂರ್‌ನ ಹೊಸ ಮನೆಯಲ್ಲಿ ಕಾಕ ಗಂಡಸರ ಜೊತೆ ಹೊರಗೆ ಕುಳಿತರು. ಒಳಗೆ, ಗೋಡೆಯಲ್ಲಿ ತಟ್ಟೆಗೆಂದೇ ಗೂಡು ಬಿಟ್ಟಿದ್ದರು. ಅದನ್ನು ನೋಡಿದ್ದೇ ಸೌದಕ್ಕ ಹರಕುಮುರುಕು ಅರಬಿಯಲ್ಲಿ "ನಾನು ತಿಕ್ಕಿದೆ, ನಾನೇ ಹಾಳು ಮಾಡಿದೆ" ಎಂದು ಅತ್ತುಬಿಟ್ಟರು. ಆಮಿನಾ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಚಿನ್ನವಿದ್ದ ಜಾಗಗಳನ್ನು ಒಂದೊಂದಾಗಿ ಸವರಿದರು. ಅವರ ಕಣ್ಣಲ್ಲೂ ನೀರು. ನನಗೋ, ಎದ್ದು ಓಡಿಹೋಗೋಣ ಅನ್ನಿಸಿತು.

"ಖಲಾಸ್" ಎಂದರು ಆಮಿನಾ ಕೊನೆಗೆ. "ಇನ್ನು ಇದು ಗೋಡೆಗಲ್ಲ. ಊಟಕ್ಕೆ."

ಅನ್ನ, ಮೀನು ಬಡಿಸಿ ತಟ್ಟೆಯನ್ನು ನಡುವೆ ಇಟ್ಟರು. ಮದುಮಗಳು, ಆಮಿನಾ, ಸೌದಕ್ಕ, ನಾನು, ಎಲ್ಲರೂ ಅದಕ್ಕೇ ಕೈ ಹಾಕಿದೆವು. ಹಾಗೆ ಕೂಡಿ ಉಣ್ಣುವುದು ಬ್ಯಾರಿಗಳಿಗೂ ಹೊಸತಲ್ಲ. ಆದರೂ ಸೌದಕ್ಕ ಅಂಚಿನ ಅನ್ನವನ್ನಷ್ಟೇ ಬೆರಳ ತುದಿಯಲ್ಲಿ ಹೆಕ್ಕಿದರು.

ಊಟವಾಗಿ ಮದುಮಗಳು ತಟ್ಟೆ ಎತ್ತಲು ಬಂದಾಗ ಆಮಿನಾ ತಡೆದರು. ಅದನ್ನು ಸೌದಕ್ಕನ ಕೈಗೇ ಇಟ್ಟು, "ನೀನೇ ತೊಳೆದು ಕೊಡು" ಎಂದರು.

ಸೌದಕ್ಕ ನಲ್ಲಿಯ ಕೆಳಗೆ ಬರೀ ನೀರು ಬಿಟ್ಟುಕೊಂಡು, ಬರಿಗೈಯಲ್ಲಿ, ಮಗುವಿನ ತಲೆ ತೊಳೆದ ಹಾಗೆ ಅದನ್ನು ತೊಳೆದರು.