ಸೌಮ್ಯಾ ಟೀಚರ್ ಸಾಲ ಮನ್ನಾ ಮಾಡಿಸಿಕೊಂಡದ್ದು

ಸೌಮ್ಯಾ ಟೀಚರ್ ವಿಜಯಪುರದ ಕಡೆಯವಳು. ನಮ್ಮ ಭಾಂಡುಪ್ ಚಾಳಿನಲ್ಲಿ ನನ್ನ ಎದುರು ಬಾಗಿಲು. ಬಿ.ಎಡ್. ಓದಲು ಮುಂಬಯಿಯ ನಮ್ಮ ಕನ್ನಡ ಸಂಘದಿಂದ ಸಾಲ ತೆಗೆದಿದ್ದಳು. ಸಂಘದ ನಿಯಮ ಭಾರಿ ಉದಾರ: ಓದಿ ವಕೀಲನಾದರೆ, ಎಂಜಿನಿಯರಾದರೆ ಬಡ್ಡಿ ಸಮೇತ ಕಟ್ಟಬೇಕು; ಕನ್ನಡ ಶಾಲೆಯಲ್ಲಿ ಐದು ವರ್ಷ ಕಲಿಸಿದರೆ ಪೂರ್ತಿ ಮನ್ನಾ. ಆ ಶಾಲೆಯ ಸಂಬಳ ಗೊತ್ತಿದ್ದವರಿಗೆ ಈ ಔದಾರ್ಯದ ಗುಟ್ಟೂ ಗೊತ್ತು, ಬಿಡಿ.

ನಾಲ್ಕು ವರ್ಷ ಹಲ್ಲು ಕಚ್ಚಿ ಕಲಿಸಿದಳು. ಅಲ್ಲಿ ಓದುತ್ತಿದ್ದವರೆಲ್ಲ ನಮ್ಮ ಚಾಳಿನ ಗಂಗುಬಾಯಿಯಂತೆ ಬಿಲ್ಡಿಂಗ್ ಕೆಲಸಕ್ಕೆ ಸಿಮೆಂಟು ಹೊರುವವರ ಮಕ್ಕಳು. ಐದನೆಯ ವರ್ಷಕ್ಕೆ ಮೊದಲೇ ಶಾಲೆಯವರು, ಒಂದನೇ ಇಯತ್ತೆಗೆ ಇನ್ನೊಂದು ಮಗು ಸೇರದಿದ್ದರೆ ಜೂನ್‌ನಲ್ಲಿ ಬೀಗ ಎಂದುಬಿಟ್ಟರು.

ಐದು ತುಂಬದಿದ್ದರೆ ಸಾಲ ಪೂರ್ತಿ ಅವಳ ತಲೆಯ ಮೇಲೆ. ನನ್ನನ್ನೂ ಎಳೆದುಕೊಂಡು ಚೆಂಬೂರಿಗೆ, ಸಂಘದ ಅಧ್ಯಕ್ಷ ಅಣವೀರಪ್ಪನವರ ಮನೆಗೆ ಹೋದಳು.

"ಸಾಲಿ ನಡದ್ರ ಸಾಲ ಮನ್ನಾ. ಸಾಲಿ ಮುಚ್ಚಿದ್ರ ನಾ ಏನ್ ಮಾಡ್ಲೆವಾ? ರೂಲ್ ಅಂದ್ರ ರೂಲ್," ಎಂದರು ಅವರು.

"ಒಂದ ಕೂಸು ಸಿಕ್ಕರ ಸಾಲಿ ಉಳೀತದ್ರಿ, ಕಾಕಾರ."

"ಹುಡುಕು ಮತ್ತ! ರಾಜ್ಯೋತ್ಸವದಾಗ ನಾ ಎಷ್ಟ ಸಲ ಹೇಳೀನಿ, ನಮ್ಮ ಮಕ್ಕಳನ್ನ ಕನ್ನಡ ಸಾಲಿಗೇ ಕಳಸ್ರಿ ಅಂತ."

"ಹುಡುಕೀನ್ರಿ. ಅಲ್ಲೇ ಸೋಫಾದ ಮ್ಯಾಲೆ ಕುಂತದ ನೋಡ್ರಿ."

ಸೋಫಾದ ಮೇಲೆ ಅವರ ಆರು ವರ್ಷದ ಮೊಮ್ಮಗಳು ಶೀತಲ್ ಮೊಬೈಲ್ ನೋಡುತ್ತಿದ್ದಳು. ಅಬ್ಬಬ್ಬಾ, ಕಾಕಾರ ಮುಖ ನೋಡಬೇಕಿತ್ತು! ಅಡುಗೆಮನೆಯಿಂದ ಸೊಸೆ ಓಡಿಬಂದು, "ಪಪ್ಪಾ, ಯೇ ಕ್ಯಾ ಬೋಲ್ ರಹೀ ಹೈ?" ಎಂದು ಹಿಂದಿಯಲ್ಲೇ ಕೇಳುತ್ತ ಮಗುವನ್ನು ಬಾಚಿಕೊಂಡು ಒಳಗೆ ಹೋದಳು. ನಾವೇನು ಮಕ್ಕಳ ಕಳ್ಳಿಯರೇ?

"ನಮ್ಮ ಮಕ್ಕಳು ಅಂದ್ರ... ಸಮಾಜದ ಮಕ್ಕಳವಾ," ಎಂದು ಕಾಕಾ ತೊದಲಿದರು.

ಬಡ್ಡಿಯಲ್ಲಿ ಬಿಡಿಗಾಸೂ ಬಿಡದ ಸಂಘ ಆ ಭಾನುವಾರವೇ ತುರ್ತು ಸಭೆ ಕರೆಯಿತು. ಐದು ವರ್ಷವೇ ಯಾಕೆ, ನಾಲ್ಕು ಸಾಕು ಎಂದು ನಿಯಮ ಬದಲಾಯಿತು. ಸಾಲ ಪೂರ್ತಿ ಮನ್ನಾ! ಮೇಲೆ ಒಂದು ಶಾಲು. ಹೊದಿಸಿದವರು ಅಣವೀರಪ್ಪನವರೇ, ಕನ್ನಡ ಉಳಿಸಿದ ಮಗಳು ಎಂದು ಹೊಗಳಿದ್ದೇ ಹೊಗಳಿದ್ದು. ಶಾಲೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಸೌಮ್ಯಾಗೆ ಖುಷಿಯೋ ಖುಷಿ. ಧಾರವಾಡ ಪೇಢೆಯ ಡಬ್ಬಿ ಹಿಡಿದುಕೊಂಡೇ ಚಾಳಿಗೆ ಬಂದಳು. ನಲ್ಲಿಯ ಬಳಿ ಗಂಗುಬಾಯಿ ಕೊಡ ತುಂಬಿಸುತ್ತಿದ್ದಳು.

"ಗಂಗುಬಾಯೀ, ಸಾಲ ಹೋತ್ರೀ!" ಎಂದು ದೂರದಿಂದಲೇ ಕೂಗಿದಳು.

ನೀರಿನ ಸದ್ದಿನಲ್ಲಿ ಗಂಗುಬಾಯಿಗೆ ಏನು ಕೇಳಿಸಿತೋ, ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ಸಾಲಿ ಹೋತ್ರೀ? ಹಂಗಾರ ನನ್ನ ಮಗಳು ಎಲ್ಲಿಗೆ ಹೋಗಬೇಕ್ರಿ, ಟೀಚರ್?"

ತಪ್ಪು ಕೇಳಿಸಿತು ಅನ್ನಲು ಬಾಯಿ ತೆರೆದ ಸೌಮ್ಯಾ ಪೇಢೆಯ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು. ತಪ್ಪೇನೂ ಕೇಳಿಸಿರಲಿಲ್ಲ.