ಅತ್ತಿಗೆ ಒರೆಸಿಕೊಂಡ ಕುಂಕುಮ

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. “ನೀವು ಕಂಡದ್ದಾ, ಯಾರೋ ಹೇಳಿದ್ದಾ?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಯಾರಾದರೂ ನನ್ನನ್ನೇ ಹಾಗೆ ಕೇಳಿದರೆ, ಕಂಡದ್ದು ಎನ್ನಬೇಕು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಮಾತು. ಮುಂಬೈ ಪಕ್ಕದ ಠಾಣೆಯ ಒಂದು ಸಂಸ್ಥೆಯಲ್ಲಿ ನಾನೂ ಬಸವರಾಜನೂ ಸಿನಿಮಾ ಕಲಿಯುತ್ತಿದ್ದೆವು. ಅವನು ಕಲಬುರಗಿ ಕಡೆಯವನು, ಅಪ್ಪನಿಗೆ ಅಲ್ಲೇ ಹತ್ತಿರದ ಶಹಾಡಿನಲ್ಲಿ ಲೋಡಿಂಗ್ ಕೆಲಸ. ಈ ಸಲ ಪಾಸಾಗದಿದ್ದರೆ ಓದು ಸಾಕು, ಮೂಟೆ ಹೊರಲು ಬಾ ಎಂದು ಅಪ್ಪ ಹೇಳಿಬಿಟ್ಟಿದ್ದರು. ಅವನ ಪರೀಕ್ಷೆಯ ಚಿತ್ರಕ್ಕೆ ಸಂಸ್ಥೆ ಕ್ಯಾಮೆರಾ ಕೊಡುತ್ತಿದ್ದದ್ದು ಒಂದೇ ದಿನಕ್ಕೆ, ಸಂಜೆಯೊಳಗೆ ವಾಪಸು ಮುಟ್ಟಿಸಬೇಕು.

ಡೊಂಬಿವಲಿಯ ನಮ್ಮ ಅಣ್ಣನ ಮನೆಯಲ್ಲೇ ಶೂಟಿಂಗ್. ಕೊನೆಯ ಶಾಟ್ ಉಳಿದಿತ್ತು: ಫ್ಯಾಕ್ಟರಿಯಲ್ಲಿ ಸತ್ತವನ ಹೆಂಡತಿ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಾಳೆ. ಚಿತ್ರದ ಜೀವವೇ ಅದು. ಆ ಪಾತ್ರದ ಹುಡುಗಿ ಅಂಬರನಾಥದಿಂದ ಬರಬೇಕಿತ್ತು. ಲೋಕಲ್ ರೈಲು ಕೆಟ್ಟು ನಿಂತು ಅವಳು ಬರಲೇ ಇಲ್ಲ. ಬಿಸಿಲು ಎದುರಿನ ಬಿಲ್ಡಿಂಗಿನ ಹಿಂದೆ ಇಳಿಯುತ್ತಿತ್ತು. ಬಸು ಅತ್ತಿಗೆಯ ಮುಂದೆ ಕೈಮುಗಿದು ನಿಂತ.

“ಅತ್ತಿಗಿ, ನೀವೇ ಕುಂದರ್ರಿ. ಐದ್ ಮಿನಿಟಿನ ಕೆಲಸ. ಬೆಳಕು ಹೊಂಟದ, ಅದರ ಕೂಡ ನನ್ ವರ್ಷಾನೂ ಹೋಗ್ತದ.”

ಅತ್ತಿಗೆಯ ಮುಖ ಬಿಳಿಚಿತು. “ಇವರು ಡ್ಯೂಟಿಯಲ್ಲಿ ಇದ್ದಾರೆ ಮಾರಾಯ, ಆ ಗ್ಯಾಸಿನ ಮಧ್ಯೆ. ನಾನಿಲ್ಲಿ ಹಣೆ ಒರೆಸಿಕೊಂಡು ಕೂತ್ಕೊಳ್ಳುದಾ?” ಅಣ್ಣನಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸ. ಆದರೆ ಬಸುವಿನ ಮುಖ ನೋಡಿ ಅವರೇ ಎದ್ದರು. “ಕರಿಮಣಿ ಮಾತ್ರ ತೆಗೆಯುದಿಲ್ಲ, ಈಗಲೇ ಹೇಳಿದ್ದೇನೆ.” ಅದನ್ನು ರವಿಕೆಯೊಳಗೆ ತುರುಕಿಕೊಂಡು, ಎಣ್ಣೆ ಹಚ್ಚಿ ಕುಂಕುಮ ಒರೆಸಿಕೊಂಡರು.

ಒಂದು ಶಾಟಿನಿಂದ ಇನ್ನೊಂದಕ್ಕೆ ಸೆರಗು, ಬಳೆ, ಬೊಟ್ಟು ಹೆಚ್ಚುಕಮ್ಮಿಯಾಗದಂತೆ ಕಾಯುವುದು ನನ್ನ ಕೆಲಸವಾಗಿತ್ತು. ಹತ್ತಿರ ಹೋಗಿ ನೋಡಿದೆ. ಹಣೆ ಖಾಲಿ. ಎಣ್ಣೆ ಹೊಳೆಯಬಾರದೆಂದು ನಾನೇ ಪೌಡರ್ ಹಚ್ಚಿದೆ. ಅಲ್ಲಿಂದ ಶಾಟ್ ಮುಗಿಯುವವರೆಗೆ ಅವರ ಕೈ ಸೆರಗಿನೊಳಗಿಂದ ಹೊರಗೆ ಬರಲಿಲ್ಲ, ನನ್ನ ಕಣ್ಣು ಆಚೀಚೆ ಹೋಗಲಿಲ್ಲ. ಒಂದೇ ಟೇಕ್; ಫಿಲ್ಮೂ ಮುಗಿಯಿತು.

“ಕಟ್” ಎಂದದ್ದೇ ಅತ್ತಿಗೆ ಕುಂಕುಮದ ಕರಡಿಗೆಗೆ ಓಡಿದರು. ಆಮೇಲೆ ಅಣ್ಣ ಬರುವ ತನಕ ರಸ್ತೆ ಕಾಣುವ ಗ್ಯಾಲರಿ ಬಿಟ್ಟು ಕದಲಲಿಲ್ಲ. ಅಣ್ಣ ಎಂದಿನಂತೆ ಬಂದು, ಸೈಕಲ್ ನಿಲ್ಲಿಸಿ, ಚಹಾ ಕೇಳಿದ. ನನಗೂ ಹೋದ ಜೀವ ಬಂದಂತಾಯಿತು.

ಲ್ಯಾಬಿನಿಂದ ಪ್ರಿಂಟ್ ಬಂತು. ಕಪ್ಪು ಬಿಳುಪಿನ ಚಿತ್ರ. ಪರದೆಯ ಮೇಲೆ ಅತ್ತಿಗೆ ಕಿಟಕಿಯ ಹತ್ತಿರ ಕೂತಿದ್ದರು, ಹಣೆಯ ನಡುವೆ ದುಂಡಗೆ, ಕಪ್ಪಗೆ ಬೊಟ್ಟು.

“ಏನಲೇ, ನಿದ್ದಿ ಹೊಡೀಲಿಕ್ಕತ್ತಿದ್ದೇನು?” ಎಂದು ಬಸು ನನ್ನ ಮೇಲೆ ಹರಿಹಾಯ್ದ.

“ಕ್ಯಾಮೆರಾದಲ್ಲಿ ಕಣ್ಣಿಟ್ಟದ್ದು ನೀನಲ್ವಾ?” ಎಂದೆ. ಅವನಿಗೂ ಕಂಡಿರಲಿಲ್ಲವಂತೆ. ವರ್ಷಗಟ್ಟಲೆ ಇಟ್ಟ ಕುಂಕುಮದ ಕಲೆಯಿರಬೇಕು ಎಂದರು ನಮ್ಮ ಮೇಷ್ಟ್ರು. ಕಲೆಗೆ ಅಷ್ಟು ನೀಟಾದ ಅಂಚು ಇರುತ್ತದೆಯೇ? ಪೌಡರ್ ಬೇರೆ ಇತ್ತಲ್ಲ! ಫಿಲ್ಮಿನ ಕೊಳೆ ಎನ್ನೋಣವೆಂದರೆ ಅತ್ತಿಗೆ ತಲೆ ತಿರುಗಿಸಿದಾಗ ಬೊಟ್ಟೂ ತಿರುಗುತ್ತಿತ್ತು. ನಾನು ಬಸುವನ್ನು, ಲ್ಯಾಬಿನವರನ್ನು, ಕೊನೆಗೆ ಅತ್ತಿಗೆಯನ್ನೂ ಅನುಮಾನಿಸಿದೆ. ಬಸು ನನ್ನೊಬ್ಬನನ್ನೇ ಅನುಮಾನಿಸಿದ. ಮನೆಯವರು ಅಪಶಕುನಕ್ಕೆ ಹೆದರಿದ್ದರಿಂದ ನಾನೇ ಏನೋ ಕಿತಾಪತಿ ಮಾಡಿದ್ದೇನೆ ಎಂದು ಅವನ ಲೆಕ್ಕ. ಆ ಶಾಟ್ ಇಲ್ಲದ ಚಿತ್ರ ಫೇಲಾಯಿತು. ಅವನು ಶಹಾಡಿನಲ್ಲಿ ಮೂಟೆ ಹೊತ್ತ, ನನ್ನೊಡನೆ ಮಾತು ಬಿಟ್ಟ. ಪಾಪ, ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

ಅತ್ತಿಗೆಗೆ ಆಗಲೇ ವಿಷಯ ಹೇಳಿದ್ದೆ. “ಆ ಸುದ್ದಿ ಇವರ ಮುಂದೆ ಎತ್ತಬೇಡ” ಎಂದು ಗದರಿದ್ದರು. ಅಣ್ಣ ತೀರಿಕೊಂಡದ್ದು ಎಷ್ಟೋ ವರ್ಷದ ಮೇಲೆ, ನಿವೃತ್ತನಾಗಿ, ಸಕ್ಕರೆ ಕಾಯಿಲೆಯಿಂದ. ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಅತ್ತಿಗೆ ನನ್ನನ್ನು ಕರೆದು, “ಆ ಫಿಲ್ಮಿನ ತುಂಡೇನಾದ್ರೂ ಉಂಟಾ ನಿನ್ನ ಹತ್ರ?” ಎಂದರು. ಆ ಶಾಟಿನ ಪ್ರಿಂಟಿನಿಂದ ಕತ್ತರಿಸಿಟ್ಟದ್ದು ಇತ್ತು. ತಂದುಕೊಟ್ಟೆ. ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ತುಂಬಾ ಹೊತ್ತು ನೋಡಿದರು.

“ಎಲ್ಲಿ ಉಂಟು ಬೊಟ್ಟು? ಹಣೆ ಖಾಲಿ ಉಂಟಲ್ಲ.”

ಕಸಿದುಕೊಂಡು ನೋಡಿದೆ. ನನಗೆ ಕಾಣುತ್ತಿತ್ತು, ಪ್ರತಿಯೊಂದು ಚೌಕದಲ್ಲೂ. “ನಿನಗೆ ಭ್ರಾಂತು” ಎಂದರು ಅತ್ತಿಗೆ.

ನನ್ನ ಕಣ್ಣು ಸುಳ್ಳೋ, ಅವರ ಮಾತು ಸುಳ್ಳೋ, ಇವತ್ತಿಗೂ ಗೊತ್ತಿಲ್ಲ. ತುಂಡನ್ನು ಮಾತ್ರ ಅವರು ನನಗೆ ವಾಪಸು ಕೊಡಲಿಲ್ಲ. ಸೆರಗಿನ ತುದಿಯಲ್ಲಿ ಇಟ್ಟು ಗಂಟು ಹಾಕಿಕೊಂಡರು. ಏನೂ ಕಾಣದಿದ್ದರೆ ಅದನ್ನು ಯಾಕೆ ಇಟ್ಟುಕೊಂಡರು?